ಸೋದರತ್ತೆ ಇಟ್ಟ ಹೆಸರು

ಆ ಊರಿನಲ್ಲಿ ಔಷಧಿಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ರೋಗಾಣುಗಳು ಕೇಳಿಸಿಕೊಳ್ಳುತ್ತವೆ. ಹೆಸರು ಕೇಳಿಸಿಕೊಂಡ ಮೇಲೆ ಆ ಔಷಧಿಗೆ ಅವು ಸಾಯುವುದಿಲ್ಲ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ಕುಂದರಗಿ ಡಾಕ್ಟರು ಇಷ್ಟನ್ನೇ ಹೇಳಿ, ನನ್ನ ಎಂ.ಎಸ್ಸಿ. ಅಂಕಪಟ್ಟಿಯನ್ನು ಮಡಚಿ ವಾಪಸು ಕೊಟ್ಟರು. ನನಗಿಂತ ಮೊದಲು ವಿಶ್ವವಿದ್ಯಾಲಯದಲ್ಲಿ ಓದಿದ ಇಬ್ಬರನ್ನು ಇಟ್ಟುಕೊಂಡಿದ್ದರಂತೆ. ಇಬ್ಬರಿಗೂ ತಿಳಿದದ್ದನ್ನೆಲ್ಲ ಹೇಳುವ ಚಟವಿತ್ತು. ಅವರ ಕಾಲದಲ್ಲಿ ಎರಡು ಔಷಧಿ ಕೈಬಿಟ್ಟುಹೋದವು. ನಾನು ಆ ಅರ್ಧ ಗಂಟೆಯಲ್ಲಿ ಆಡಿದ್ದು ಆರೇಳು ಮಾತು. ಅದು ಅವರಿಗೆ ಹಿಡಿಸಿತು.

ನನ್ನ ಮಾತು ಕಡಿಮೆಯಾಗಿ ಆಗ ಒಂದು ವರ್ಷವಾಗಿತ್ತು. ಮದುವೆಯಾಗಿ ಹದಿನಾಲ್ಕು ತಿಂಗಳಿಗೆ, ಮಧ್ಯಾಹ್ನ ಊಟಕ್ಕೆ ಬರುತ್ತೇನೆಂದು ಹೋದ ಗಂಡ ಬರಲಿಲ್ಲ, ಸತ್ತ ಸುದ್ದಿ ಬಂತು. ಆಮೇಲೆ ನನಗೆ ಅಳು ಬರಲಿಲ್ಲ. ಬೇರೆ ಏನೂ ಬರಲಿಲ್ಲ. ಯಾರೂ ಪರಿಚಯವಿಲ್ಲದ ಊರು ಬೇಕಿತ್ತು, ಸಿಕ್ಕಿತು.

ಪ್ರಯೋಗಾಲಯವೆಂದರೆ ದವಾಖಾನೆಯ ಹಿಂದಿನ ಒಂದು ಕೋಣೆ. ಅದಕ್ಕೊಂದು ದೊಡ್ಡ ಕಿಟಕಿ, ಕಿಟಕಿಗೆ ಅಗಲವಾದ ಕಟ್ಟೆ. ಬೆಳಿಗ್ಗೆ ಎಂಟಕ್ಕೆ ಆ ಕಟ್ಟೆಯ ಮೇಲೆ ಮೂತ್ರದ ಬಾಟಲಿಗಳು ಬಂದು ಕೂರುತ್ತಿದ್ದವು. ಹೆಚ್ಚಿನವು ಹೆಂಗಸರವು. ಒಂದೊಂದರಿಂದ ತಂತಿಯ ಕುಣಿಕೆಯಲ್ಲಿ ಒಂದು ಹನಿ ತೆಗೆದು, ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಆಹಾರದ ಮೇಲೆ ಎಳೆದಿಟ್ಟರೆ ಮರುದಿನಕ್ಕೆ ರೋಗಾಣು ಬೆಳೆದಿರುತ್ತದೆ. ಅದನ್ನು ಇನ್ನೊಂದು ತಟ್ಟೆಯ ತುಂಬ ಹರಡಿ, ಮೇಲೆ ಔಷಧಿಯಲ್ಲಿ ನೆನೆಸಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಡುತ್ತೇನೆ. ಔಷಧಿಗೆ ಬಲವಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ದುಂಡನೆಯ ಅಂಗಳ ಉಳಿಯುತ್ತದೆ. ಬಲವಿಲ್ಲದಿದ್ದರೆ ರೋಗಾಣು ಬಿಲ್ಲೆಯ ಅಂಚಿನವರೆಗೂ ಬಂದು ಕೂತಿರುತ್ತದೆ. ಅಂಗಳದ ಅಗಲವನ್ನು ಸ್ಕೇಲಿನಲ್ಲಿ ಅಳೆದು ಬರೆಯುವುದು ನನ್ನ ಕೆಲಸ. ಬೇರೆ ಊರುಗಳಲ್ಲಿ ಈ ತಟ್ಟೆಗಳನ್ನು ರೋಗಿಗಳು ನೋಡುವುದೇ ಇಲ್ಲ. ಇಲ್ಲಿ ಹೆಂಗಸರು ಹತ್ತು ಗಂಟೆಗೆ ಕಿಟಕಿಗೆ ಬಂದು ತಮ್ಮ ತಟ್ಟೆಯನ್ನು ಕೇಳಿ ಪಡೆದು, ಬೆಳಕಿಗೆ ಹಿಡಿದು, ಬಳೆಯ ಅಳತೆ ಹೇಳಿಕೊಂಡಂತೆ ಹೇಳಿಕೊಳ್ಳುತ್ತಿದ್ದರು. ನಿಂದೆಷ್ಟು, ನಂದು ಹತ್ತೊಂಬತ್ತು ಮಿಲಿಮೀಟರ್. ಕಡಿಮೆ ಬಂದವಳಿಗೆ ಉಳಿದವರು ನೀರು ಕುಡಿ ಎಂದು ಬೈಯುತ್ತಿದ್ದರು.

ಔಷಧಿಗಳನ್ನು ಸಂಬಂಧ ಹಚ್ಚಿ ಕರೆಯುವುದು ಅಲ್ಲಿನ ವಾಡಿಕೆ. ಸಣ್ಣ ಕಾಕಾ ಎಂದರೆ ಬಿಳಿ ಗುಳಿಗೆ. ಹೊಟ್ಟೆ ಕೆಡಿಸುವ ಹಳದಿಯದು ಬೀಗರು. ಎಲ್ಲಕ್ಕಿಂತ ಗಟ್ಟಿಯದು, ಕೊನೆಯದು, ಮುತ್ತ್ಯಾ, ಎಂದರೆ ಅಜ್ಜ. ಔಷಧಿ ಅಂಗಡಿಯ ರವೂಫ್ ಸಾಬರು ಒಂದೊಂದು ಪಟ್ಟಿಯ ಮೇಲೂ ಅಚ್ಚಾದ ಹೆಸರು ಕಾಣದಂತೆ ಕಾಗದ ಅಂಟಿಸುತ್ತ ಕೂತಿರುತ್ತಿದ್ದರು. ಹೀಗೆ ಕರೆದರೆ ರೋಗಾಣುಗಳು ಇದನ್ನೂ ಕಲಿಯುವುದಿಲ್ಲವೇ ಎಂದು ಮೊದಲ ವಾರ ನಾನು ಅವರನ್ನು ಕೇಳಿದೆ. ಅವರಿಗೆ ಕಿವಿ ಸ್ವಲ್ಪ ದೂರ. ಎರಡನೆಯ ಸಲ ಕೇಳಿದ ಮೇಲೆ ಕಾಗದ ಅಂಟಿಸುತ್ತಲೇ ಉತ್ತರ ಕೊಟ್ಟರು.

"ಅವು ಒಂದ ಒಡದು ಎರಡಾಗೂ ಜಾತಿ, ಬೇಟಾ. ಅವಕ್ಕ ಅತ್ತಿ ಇಲ್ಲ, ಮಾವ ಇಲ್ಲ. ಬೀಗರು ಅಂದ್ರ ಏನಂತ ತಿಳೀಬೇಕು?"

ಹಿಂದೆ ಒಂದು ಸಲ ಯಾವುದೋ ಕಂಪನಿಯ ಜೀಪು ಮೈಕು ಹಾಕಿಕೊಂಡು ಬಂದು, ಬಸ್ ಸ್ಟ್ಯಾಂಡಿನಿಂದ ಸಂತೆಪೇಟೆಯವರೆಗೆ ಮೂರು ಔಷಧಿಗಳ ಗುಣಗಾನ ಮಾಡಿತಂತೆ. ಊಟದ ಹೊತ್ತಿಗೆ ಮೂರೂ ಸುಣ್ಣದ ಉಂಡೆಗಳಾಗಿದ್ದವು. ಆ ಜೀಪನ್ನು ಜನ ಬಯ್ಯಲೂ ಇಲ್ಲವಂತೆ. ಬಯ್ಯಬೇಕಾದರೆ ಮತ್ತೆ ಹೆಸರೆತ್ತಬೇಕಲ್ಲ.

ಕಿಟಕಿಗೆ ಬರುವವರಲ್ಲಿ ನೀಲವ್ವನಷ್ಟು ಸಲ ಬಂದವರಿಲ್ಲ. ಸಿಟಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಆರರಿಂದ ಎರಡರವರೆಗೆ ಡ್ಯೂಟಿ, ಅಷ್ಟು ಹೊತ್ತೂ ಹೆಂಗಸರಿಗೆ ಹೋಗಲು ಒಂದು ಜಾಗವಿಲ್ಲ. ಆದ್ದರಿಂದ ನೀರೇ ಕುಡಿಯುತ್ತಿರಲಿಲ್ಲ. ಮೂರನೆಯ ಸಲ ಸೋಂಕು ಬಂದಾಗ ನಾನು ಅವಳಿಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಈ ರೋಗಾಣು ಎಲ್ಲರ ಕರುಳಿನಲ್ಲೂ ಇರುವಂಥದೇ, ಅಲ್ಲಿ ಯಾರಿಗೂ ತೊಂದರೆಯಿಲ್ಲ. ಕೆಲವಕ್ಕೆ ಮಾತ್ರ ಮೈತುಂಬ ಸಣ್ಣ ಕೊಕ್ಕೆಗಳಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಅವು ಮೂತ್ರಕೋಶದ ಗೋಡೆ ಹಿಡಿದುಕೊಂಡರೆ ಬಿಡುವುದಿಲ್ಲ ಎಂದೆ. ನೀರು ಹೆಚ್ಚು ಕುಡಿದರೆ ಕೊಕ್ಕೆ ಇಲ್ಲದವು ಕೊಚ್ಚಿಹೋಗುತ್ತವೆ. ನೀಲವ್ವ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಅವಳಿಗೆ ಚೆನ್ನಾಗಿ ಅರ್ಥವಾಯಿತು. ಟಿಕೆಟ್ ತೆಗೆಯದೆ ಕಂಬ ಹಿಡಿದು ನಿಂತು, ಸ್ಟಾಪು ಬಂದರೂ ಇಳಿಯದವರು ಎಂದಳು.

ಆ ಸಲ ಅವು ಕಂಬ ಹಿಡಿದು ಮೇಲೆ ಮೂತ್ರಪಿಂಡದವರೆಗೂ ಹತ್ತಿದವು. ಸಣ್ಣ ಕಾಕಾ ಕೈಚೆಲ್ಲಿದ, ಬೀಗರು ಕೈಚೆಲ್ಲಿದರು. ಮುತ್ತ್ಯಾನ ಬಿಲ್ಲೆಯ ಸುತ್ತ ಮಾತ್ರ ಇಪ್ಪತ್ತನಾಲ್ಕು ಮಿಲಿಮೀಟರಿನ ಅಂಗಳ. ಏಳು ದಿನ ನುಂಗಿ ನೀಲವ್ವ ಎದ್ದು ಕೂತಳು, ಎಂಟನೆಯ ದಿನ ಬಸ್ಸಿನ ಮೆಟ್ಟಿಲ ಮೇಲೆ ಸೀಟಿ ಊದುತ್ತಿದ್ದಳು.

ಇದಾಗಿ ಎರಡು ತಿಂಗಳಿಗೆ ಅವಳ ಅಣ್ಣನ ಹೆಂಡತಿ ಸಾವಂತ್ರಿಗೆ ಹೆಣ್ಣು ಕೂಸು ಹುಟ್ಟಿತು. ಹನ್ನೆರಡನೆಯ ದಿನ ತೊಟ್ಟಿಲು. ಹೆಸರಿಡುವ ಹಕ್ಕು ಸೋದರತ್ತೆಯದು. ನನಗೆ ಗುಗ್ಗರಿ, ಬೆಲ್ಲದ ಚೂರು ಮನೆಗೇ ಬಂತು. ನಾನು ಹೋಗಿರಲಿಲ್ಲ. ನನ್ನಂಥವಳು ಇಂಥ ಕಡೆ ಹೋಗಬಾರದೆಂದು ಆ ಊರಿನಲ್ಲಿ ಯಾರೂ ಹೇಳಿರಲಿಲ್ಲ, ನಾನೇ ಹೇಳಿಕೊಂಡಿದ್ದೆ.

ಮರುದಿನ ಮುತ್ತ್ಯಾನ ಅಂಗಳ ಇಪ್ಪತ್ತಕ್ಕೆ ಇಳಿದಿತ್ತು. ಬಿಲ್ಲೆ ಹಳೆಯದಾಗಿರಬೇಕೆಂದು ಹೊಸ ಡಬ್ಬಿ ತೆಗೆದೆ. ಮರುದಿನ ಹದಿನಾಲ್ಕು. ಅದರ ಮರುದಿನ ಏಳು. ಒಬ್ಬಳ ತಟ್ಟೆಯಲ್ಲಲ್ಲ, ಕಿಟಕಿಗೆ ಬಂದ ಎಲ್ಲರ ತಟ್ಟೆಯಲ್ಲೂ. ಐದನೆಯ ದಿನ ಸಾವಂತ್ರಿಯ ಬಾಟಲಿ ಬಂತು. ಹೆರಿಗೆಯಲ್ಲಿ ಮೂತ್ರಕ್ಕೆ ನಳಿಕೆ ಹಾಕಿದ್ದರು, ಮೂರು ದಿನದಿಂದ ಚಳಿಜ್ವರ, ಸೊಂಟದ ಮೇಲೆ ಕೈ ಇಡಗೊಡಿಸುತ್ತಿರಲಿಲ್ಲ. ಅವಳ ತಟ್ಟೆಯಲ್ಲಿ ಯಾವ ಬಿಲ್ಲೆಯ ಸುತ್ತಲೂ ಅಂಗಳವಿರಲಿಲ್ಲ. ಮುತ್ತ್ಯಾನ ಸುತ್ತಲೂ ಇಲ್ಲ.

ಆ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಹೊರಗೆ ಇಬ್ಬರು ಹೆಂಗಸರು ಹಪ್ಪಳ ಒಣಗಿಸುತ್ತ ತೊಟ್ಟಿಲ ಹಾಡು ಹಾಡುತ್ತಿದ್ದರು. ಪ್ರತಿ ಸಾಲಿನ ಕೊನೆಗೂ ಕೂಸಿನ ಹೆಸರು. ಯಾವುದೋ ದೂರ ದೇಶದ ರಾಜಕುಮಾರಿಯ ಹೆಸರಿನ ಹಾಗೆ ಕೇಳುತ್ತಿತ್ತು. ನಾಲ್ಕು ಸಲ ಕೇಳಿದ ಮೇಲೆ ನನಗೆ ತಿಳಿಯಿತು. ಅದು ಮುತ್ತ್ಯಾನ ನಿಜವಾದ ಹೆಸರು.

ನೀಲವ್ವನನ್ನು ಡ್ಯೂಟಿಯಿಂದಲೇ ಕರೆಸಿದರು. ರವೂಫ್ ಸಾಬರು ಅಂಟಿಸಿದ್ದ ಕಾಗದವನ್ನು ಅವಳು ಹಬೆಗೆ ಹಿಡಿದು ಬಿಡಿಸಿದ್ದಳು. ಜೀವ ಉಳಿಸಿದವನ ಹೆಸರು ಗೊತ್ತಿಲ್ಲದೆ ಹೇಗೆ ಸುಮ್ಮನಿರುವುದು ಎಂಬುದು ಅವಳ ಪ್ರಶ್ನೆ. ಓದಿ ನೋಡಿದರೆ ಅಷ್ಟು ಚೆಂದದ ಹೆಸರು. ಕೂಸಿಗೆ ಮುತ್ತ್ಯಾನ ಬಲವೇ ಬರಲಿ ಎಂದು ಅದನ್ನೇ ಇಟ್ಟಳು. ಬಾಯಿಬಿಟ್ಟು ಹೇಳಿರಲಿಲ್ಲ, ಕಿವಿಯಲ್ಲಿ ಉಸುರಿದ್ದಳು, ಅದೂ ಹನ್ನೆರಡು ದಿನದ ಕೂಸಿನ ಕಿವಿಯಲ್ಲಿ. ಅದು ಯಾರಿಗೆ ಹೋಗಿ ಹೇಳೀತು ಎಂದುಕೊಂಡಿದ್ದಳು. ಆದರೆ ಉಸುರಿದ ಮೇಲೆ ನಲವತ್ತು ಹೆಂಗಸರು ಏನಿಟ್ಟಿ ಏನಿಟ್ಟಿ ಎಂದು ಮುತ್ತಿಕೊಂಡರು. ಅವರಲ್ಲಿ ಯಾರಿಗೂ ಅದು ಔಷಧಿಯ ಹೆಸರೆಂದು ಗೊತ್ತಿರಲಿಲ್ಲ. ಗೊತ್ತಿರಬಾರದೆಂದೇ ಊರು ಅಷ್ಟು ವರ್ಷ ಜಾಗ್ರತೆ ಮಾಡಿತ್ತು. ಡಾಕ್ಟರು ಎಲ್ಲ ಕೂಸುಗಳನ್ನೂ ಕೂಸು ಎನ್ನುವವರು, ಹೆಸರು ಕೇಳಿರಲಿಲ್ಲ. ರವೂಫ್ ಸಾಬರಿಗೆ ಕೇಳಿಸಿರಲಿಲ್ಲ. ನಾನು ತೊಟ್ಟಿಲಿಗೆ ಹೋಗಿರಲಿಲ್ಲ, ಆಮೇಲೂ ಹೆಸರೇನೆಂದು ಕೇಳಿರಲಿಲ್ಲ.

ನೀಲವ್ವ ಹೆಗಲ ಚೀಲವನ್ನು ತೆಗೆದು ನೆಲದ ಮೇಲಿಟ್ಟು ಅದರ ಪಕ್ಕದಲ್ಲಿ ಕೂತಳು. ತನ್ನ ಕೈಯಾರೆ ವೈನಿ ಸಾವಂತ್ರಿಯನ್ನು ಕೊಂದೆನೇ ಎಂದು ಕೇಳಿದಳು. ಡಾಕ್ಟರು ಇಲ್ಲ ಎನ್ನಲಿಲ್ಲ. ಸಲೈನು ಹಾಕಿ, ನೀರು ಕುಡಿಸಿ, ಜ್ವರ ಇಳಿಸಿ ಹತ್ತು ದಿನ ಹಿಡಿದು ನಿಲ್ಲಿಸಬಲ್ಲೆ, ಆಮೇಲಿನದು ಗೊತ್ತಿಲ್ಲ ಎಂದರು. ಬೇರೆ ಊರಿಗೆ ಒಯ್ಯುವ ಮಾತೂ ಬಂತು. ಆದರೆ ಅವಳ ಮೈಯೊಳಗಿದ್ದದ್ದು ನಮ್ಮೂರಿನ ರೋಗಾಣು. ಎಲ್ಲಿಗೆ ಹೋದರೂ ಕಲಿತದ್ದನ್ನು ಜೊತೆಗೇ ಒಯ್ಯುತ್ತದೆ, ಮೇಲಾಗಿ ಆ ಊರುಗಳಲ್ಲಿ ಹೆಸರುಗಳನ್ನು ಗೋಡೆಯ ಮೇಲೆ ಬರೆದು ದೀಪ ಹಾಕಿರುತ್ತಾರೆ.

ಆಗ ನಾನು ಒಂದೇ ಉಸಿರಿಗೆ ಎರಡು ವರ್ಷದಲ್ಲಿ ಆಡದಷ್ಟು ಮಾತಾಡಿದೆ. ಕಲಿತದ್ದನ್ನು ಹೊರುವುದು ರೋಗಾಣುವಿಗೂ ಭಾರವೇ. ಹೆಸರು ಕಲಿತದ್ದು ನಿಧಾನವಾಗಿ ಬೆಳೆಯುತ್ತದೆ, ಕಲಿಯದ್ದು ಬೇಗ. ಹೆಸರು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದ್ದರೆ ಹೊರೆ ಹೊತ್ತದ್ದೇ ಗೆಲ್ಲುತ್ತದೆ. ಬೀಳದಿದ್ದರೆ ಹೊರೆ ಇಲ್ಲದವು ಮುಂದೆ ಓಡಿ ಜಾಗ ತುಂಬುತ್ತವೆ. ಮನುಷ್ಯರು ಮರೆಯಬೇಕಾದರೆ ತಲೆಮಾರುಗಳು ಬೇಕು, ಅವುಗಳ ಒಂದು ತಲೆಮಾರು ಇಪ್ಪತ್ತು ನಿಮಿಷ. ಊರಿನಲ್ಲಿ ಯಾರೂ ಆ ಹೆಸರೆತ್ತದಿದ್ದರೆ ಒಂದು ವಾರದಲ್ಲಿ ಮುತ್ತ್ಯಾ ಎದ್ದು ಬರಬಹುದು. ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಹಿಂದೆ ಯಾರಾದರೂ ಮಾಡಿ ನೋಡಿದ್ದಾರೆಯೇ ಎಂದು ಕೇಳಿದರು. ಇಡೀ ಊರು ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲ, ಆದ್ದರಿಂದ ಗೊತ್ತಿಲ್ಲ ಎಂದೆ.

ಸಾರುವ ಕೆಲಸ ನೀಲವ್ವನದು. ಸಾರಬೇಕಾದದ್ದನ್ನೇ ಹೇಳುವಂತಿರಲಿಲ್ಲ. ಅವಳು ಪ್ರತಿ ಸ್ಟಾಪಿನಲ್ಲೂ ಸೀಟಿ ಊದಿ, ನನ್ನ ಅಣ್ಣನ ಮಗಳ ಹೆಸರು ಇವತ್ತಿನಿಂದ ಬಂದ್, ಅಂದವರನ್ನು ಬಸ್ಸಿಗೆ ಹತ್ತಿಸುವುದಿಲ್ಲ ಎಂದು ಹೇಳುತ್ತ ಹೋದಳು. ಕಾರಣವನ್ನೂ ಮುಚ್ಚಿಡಲಿಲ್ಲ, ತಪ್ಪು ತನ್ನದೆಂದು ಹದಿನೆಂಟು ಸ್ಟಾಪಿನಲ್ಲೂ ಒಪ್ಪಿಕೊಂಡಳು. ಊರು ಹೊಂದಿಕೊಂಡಿತು. ಕೂಸು ಚಿನ್ನಿಯಾಯಿತು, ಗುಂಡವ್ವನಾಯಿತು, ಬಂಗಾರವಾಯಿತು, ಒಂದೊಂದು ಮನೆಯಲ್ಲಿ ಒಂದೊಂದು. ಕಷ್ಟವಾದದ್ದು ಹಾಡಿನದು. ಅದು ಆಗಲೇ ಎಲ್ಲರ ಬಾಯಿಗೆ ಹತ್ತಿತ್ತು, ರೊಟ್ಟಿ ಬಡಿಯುವಾಗ ತಾನಾಗಿ ಬರುತ್ತಿತ್ತು. ಯಾರೋ ಹೆಸರು ಬರುವ ಕಡೆ ಒಂದು ಚಪ್ಪಾಳೆ ಹೊಡೆದರು. ಎರಡು ದಿನದಲ್ಲಿ ಊರೆಲ್ಲ ಹಾಗೇ ಹಾಡತೊಡಗಿತು. ಕೈಯಲ್ಲಿ ಹಿಟ್ಟಿದ್ದವರು ಕಾಲಿನಿಂದ ನೆಲ ತಟ್ಟುತ್ತಿದ್ದರು.

ಮೂರನೆಯ ದಿನ ಸಾವಂತ್ರಿಯ ತಟ್ಟೆಯಲ್ಲಿ ಮುತ್ತ್ಯಾನ ಸುತ್ತ ಆರು ಮಿಲಿಮೀಟರಿನ ಅಂಗಳ. ನಾಲ್ಕನೆಯ ದಿನ ಒಂಬತ್ತು. ಕಿಟಕಿಯ ಬಳಿ ಅವತ್ತು ಯಾರೂ ತಮ್ಮ ತಟ್ಟೆ ಕೇಳಲಿಲ್ಲ, ಎಲ್ಲರಿಗೂ ಅವಳದೇ ಬೇಕಿತ್ತು. ಐದನೆಯ ದಿನ ನೋಡಿದರೆ ಅಂಗಳ ಪೂರ್ತಿ ಮುಚ್ಚಿತ್ತು.

ಯಾರೋ ಹೆಸರೆತ್ತಿದ್ದರು. ನೀಲವ್ವ ಓಣಿ ಓಣಿಗೆ ವಿಚಾರಣೆಗೆ ಹೊರಡಲು ಸೊಂಟ ಕಟ್ಟಿದಳು. ನಾನು ಅವಳನ್ನು ನಿಲ್ಲಿಸಿ ದವಾಖಾನೆಯ ಮೂಲೆಯ ಮಂಚಕ್ಕೆ ಹೋದೆ. ಸಾವಂತ್ರಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕೂಸು ಅವಳ ಎದೆಗೆ ಒತ್ತಿಕೊಂಡಿತ್ತು. ಇಪ್ಪತ್ಮೂರು ವರ್ಷದ ಹುಡುಗಿ. ತುಟಿ ಒಡೆದು ಬಿಳಿಯಾಗಿದ್ದವು. ನಾನು ಏನನ್ನೂ ಕೇಳುವ ಮೊದಲೇ ಹೇಳಿದಳು.

"ನಾನ ಅಂದೀನಿ, ಅಕ್ಕಾರ. ಹಾಲ ಕುಡಸೂವಾಗ ಬಾಯಿಗೆ ಬಂದಬಿಡತೈತಿ. ಹಲ್ಲ ಕಚ್ಚಿ ಹಿಡದ್ರೂ ಬರತೈತಿ."

ಚಿನ್ನಿ ಅನ್ನು, ಗುಂಡವ್ವ ಅನ್ನು ಎಂದೆ.

"ಅವೆಲ್ಲಾ ಮಂದಿ ಕೂಸಿಗೂ ಅಂತಾರ್ರಿ. ಇಕಿನ್ನ ಕರದಂಗ ಆಗೂದುಲ್ಲ. ಒಂದು ಖರೇ ಹೆಸರು ಬೇಕ್ರಿ. ಯಾರಿಗಾರ ಇಟ್ಟದ್ದು, ಯಾರಾರ ಪ್ರೀತೀಲೆ ಕರದದ್ದು." ತನಗೆ ತಿಳಿದ ಹೆಸರುಗಳೆಲ್ಲ ಬದುಕಿರುವವರವು, ಅವು ಅವರ ಹತ್ತಿರವೇ ಇವೆ ಎಂದಳು.

ನನ್ನ ಹತ್ತಿರ ಒಂದು ಹೆಸರಿತ್ತು. ಅವನಿದ್ದಾಗ ನಾನು ಅದನ್ನು ಅವನ ಮುಂದೆ ಹೇಳುತ್ತಿದ್ದೆ, ನಮ್ಮಿಬ್ಬರಲ್ಲಿ ಆ ಸಂಕೋಚ ಇರಲಿಲ್ಲ. ಹೋದ ಮೇಲೆ ಒಂದು ಸಲವೂ ಹೇಳಿರಲಿಲ್ಲ. ನನ್ನ ಮುಂದೆ ಬೇರೆಯವರೂ ಹೇಳುತ್ತಿರಲಿಲ್ಲ. ನನಗೆ ನೋವಾಗುತ್ತದೆಂದು ಅವರೆಲ್ಲ ತೀರ್ಮಾನಿಸಿದ್ದರು. ಆ ಊರಿನಲ್ಲಿ ಬಹಳ ಸಲ ಕರೆದ ಹೆಸರು ಬಲ ಕಳೆದುಕೊಳ್ಳುತ್ತದೆ ಎಂಬುದು ನನ್ನ ನೆನಪಿಗೆ ಬಂತು. ಅದಕ್ಕೆ ಹೆದರಿದೆನೋ, ಅದನ್ನೇ ಬಯಸಿದೆನೋ, ಈಗಲೂ ಹೇಳಲಾರೆ. ನನ್ನ ಗಂಡನ ಹೆಸರು ವಿಶ್ವಂಭರ, ಅದು ಖಾಲಿ ಇದೆ ಎಂದೆ.

ಸಾವಂತ್ರಿ ಕೂಸಿನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಜ್ವರದಲ್ಲೂ ಅವಳಿಗೆ ನಗು ತಡೆಯಲಾಗಲಿಲ್ಲ.

"ಹೆಣ್ಣ ಕೂಸರೀ ಇದು."

"ಅವರು ಏನೂ ಅಂದುಕೊಳ್ಳುವುದಿಲ್ಲ," ಎಂದೆ.

ಅವಳು ಕೂಸಿನ ಕಿವಿಯ ಹತ್ತಿರ ಬಾಗಿ ಆ ಹೆಸರನ್ನು ಎರಡು ಸಲ ಹೇಳಿದಳು. ಒಮ್ಮೆ ಸಂಶಯದಿಂದ, ಇನ್ನೊಮ್ಮೆ ಹಾಲು ಕುಡಿಸುವ ದನಿಯಲ್ಲಿ. ಕೂಸು ಕುಡಿಯುತ್ತಲೇ ಇತ್ತು.

ಬಾಗಿಲಲ್ಲಿ ನೀಲವ್ವ ನಿಂತು ಎಲ್ಲವನ್ನೂ ಕೇಳಿದ್ದಳು. ಅವಳು ಕೇಳಿದ ಮೇಲೆ ಒಂದು ಮಾತು ದವಾಖಾನೆಯಲ್ಲಿ ಉಳಿಯುವ ಹಾಗಿರಲಿಲ್ಲ. ಸಂಜೆಯ ಹೊತ್ತಿಗೆ ಚಿನ್ನಿ, ಗುಂಡವ್ವ, ಬಂಗಾರ ಎಲ್ಲ ಹೋಗಿ ಊರಿಗೆಲ್ಲ ಒಂದೇ ಹೆಸರಾಯಿತು. ನನ್ನ ಗಂಡ ಆರಡಿ ಎತ್ತರದ ಮನುಷ್ಯ. ಇಸ್ತ್ರಿ ಇಲ್ಲದ ಅಂಗಿ ತೊಡುತ್ತಿರಲಿಲ್ಲ, ನಾಲ್ಕು ಜನರ ಮುಂದೆ ಜೋರಾಗಿ ಸೀನುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ತಟ್ಟೆ ತೊಳೆಯುತ್ತ ನಿಂತಿದ್ದಾಗ ಕಿಟಕಿಯಾಚೆ ಒಬ್ಬ ಮುದುಕಿ ಇನ್ನೊಬ್ಬಳಿಗೆ, ವಿಶ್ವಂಭರ ರಾತ್ರಿಯೆಲ್ಲ ಕಕ್ಕ ಮಾಡಿ ಈಗ ಮಲಗಿದ್ದಾನೆ ಎಂದು ಹೇಳುವುದು ಕೇಳಿಸಿತು. ನಾನು ಕಿಟಕಿ ಹಾಕಿಬಿಟ್ಟೆ. ಒಂದು ಗಂಟೆಯ ಮೇಲೆ ಸೆಕೆಗೆ ಮತ್ತೆ ತೆರೆದೆ. ವಿಶ್ವಂಭರನಿಗೆ ನೆತ್ತಿಗೆ ಎಣ್ಣೆ ಸಾಲದು. ವಿಶ್ವಂಭರ ಅತ್ತೆಯ ಕಂಡಕ್ಟರ್ ಟೊಪ್ಪಿಗೆಯಲ್ಲಿ ಉಚ್ಚೆ ಹೊಯ್ದ. ವಿಶ್ವಂಭರ ಡಾಕ್ಟರರನ್ನು ನೋಡಿ ಮುಖ ಕಿವಿಚಿದ. ಬಸ್ಸಿನ ಡ್ರೈವರು ದವಾಖಾನೆಯ ಮುಂದೆ ಗಾಡಿ ನಿಧಾನಿಸಿ, ವಿಶ್ವಂಭರ ಹೆಂಗಿದ್ದಾನೆ ಎಂದು ಕೇಳಿ ಮುಂದೆ ಹೋಗುತ್ತಿದ್ದ. ಎರಡು ವರ್ಷ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಆರಾಮಿದ್ದಾನೆ ಎಂದು ಒಳಗಿನಿಂದ ನಾನೇ ಉತ್ತರ ಕೊಟ್ಟೆ.

ಆ ಹೆಸರು ಬಂದ ಮೂರನೆಯ ದಿನ ವಿಶ್ವಂಭರನಿಗೆ ಹೊಟ್ಟೆನೋವು ಎಂದು ಗುಲ್ಲೆದ್ದಿತು. ನಾನು ಕೈ ತೊಳೆದು, ವೀಳ್ಯದೆಲೆ ಕಾಯಿಸಿಕೊಂಡು ಹೋಗಿ ಆ ಅಂಗೈಯಗಲದ ಹೊಟ್ಟೆಯ ಮೇಲಿಟ್ಟೆ. ಅದು ದೊಡ್ಡದಾಗಿ ಗಾಳಿ ಬಿಟ್ಟಿತು. ನೀಲವ್ವ ಗಂಭೀರವಾಗಿ, ನಿಮ್ಮವರು ಹಾರ್ನ್ ಹೊಡೆದರು ನೋಡ್ರಿ ಅಕ್ಕಾರ ಎಂದಳು. ನನಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಮಂಚದ ಕಾಲು ಹಿಡಿದುಕೊಂಡು ಕೂತು ನಕ್ಕೆ. ನಗುವಿನ ನಡುವೆ ಎಲ್ಲೋ ಅದು ಅಳುವೂ ಆಗಿ, ಮತ್ತೆ ನಗುವೇ ಆಯಿತು. ಯಾರೂ ಸಮಾಧಾನ ಮಾಡಲಿಲ್ಲ. ಸಾವಂತ್ರಿ ಸಲೈನಿನ ಕೈಯನ್ನು ಚಾಚಿ ನನ್ನ ತಲೆಯ ಮೇಲಿಟ್ಟಳು.

ಅವಳ ತಟ್ಟೆಯಲ್ಲಿ ಅಂಗಳ ಮತ್ತೆ ತೆರೆಯುತ್ತಿತ್ತು. ಐದು, ಹತ್ತು, ಹದಿಮೂರು. ಆದರೆ ಅವಳು ಇಳಿಯುತ್ತಿದ್ದಳು. ಒಂಬತ್ತನೆಯ ದಿನ ನಡುಕ ಎಷ್ಟು ಬಂತೆಂದರೆ ಕಬ್ಬಿಣದ ಮಂಚ ಸದ್ದು ಮಾಡಿತು. ಅವತ್ತಿನ ಅಳತೆ ಹದಿನಾರು. ರವೂಫ್ ಸಾಬರು ಮುತ್ತ್ಯಾನ ಗುಳಿಗೆಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಂದು ನಿಂತಿದ್ದರು. ಈಗಲೇ ಕೊಡೋಣ ಎಂದರು. ಡಾಕ್ಟರು ನನ್ನ ಕಡೆ ನೋಡಿದರು. ಹದಿನೇಳಕ್ಕಿಂತ ಕಡಿಮೆ ಇದ್ದಾಗ ಕೊಟ್ಟರೆ ಅರ್ಧ ಸಾಯುತ್ತವೆ, ಉಳಿದ ಅರ್ಧ ಹೆಸರಿಲ್ಲದೆಯೂ ರುಚಿಯಿಂದಲೇ ಕಲಿಯುತ್ತವೆ. ಮತ್ತೆ ಕೊಡಲು ಬೇರೆ ಏನೂ ಇಲ್ಲ. ಹಾಗೆಂದು ಇನ್ನೊಂದು ದಿನ ಕಾಯಲು ಅವಳಲ್ಲಿ ಬಲವಿದೆಯೇ ಎಂಬುದನ್ನು ಅಳೆಯುವ ಸ್ಕೇಲು ನನ್ನ ಬಳಿ ಇರಲಿಲ್ಲ. ನಾನು ಅವಳನ್ನೇ ಕೇಳಿದೆ. ಕಾಯೋಣ್ರಿ ಎಂದಳು, ಹಲ್ಲು ಕಟಕಟ ಎನ್ನುತ್ತಿದ್ದವು. ವಿಶ್ವಂಭರನನ್ನು ಮಾತ್ರ ಅವಳ ಪಕ್ಕದಿಂದ ಎತ್ತಬಾರದು ಎಂದಳು.

ಆ ದಿನ ಬಸ್ಸು ದವಾಖಾನೆಯ ಮುಂದೆ ಹಾರ್ನ್ ಇಲ್ಲದೆ ಹೋಯಿತು. ಹೆಂಗಸರು ಸರದಿಯ ಮೇಲೆ ಬಂದು ಗಂಟೆಗೊಂದು ಲೋಟ ನೀರು ಕುಡಿಸಿದರು. ಹಾಡು ನಿಂತಿತ್ತು. ಎಲ್ಲಿಂದಲೋ ಆಗಾಗ ಒಂದು ಚಪ್ಪಾಳೆ ಮಾತ್ರ ಕೇಳುತ್ತಿತ್ತು, ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದವರದು.

ಹತ್ತನೆಯ ದಿನ ಬೆಳಿಗ್ಗೆ ನಾನು ತಟ್ಟೆ ತೆಗೆದಾಗ ಕಿಟಕಿಯಲ್ಲಿ ಹದಿನೈದು ಮುಖಗಳಿದ್ದವು. ಸ್ಕೇಲು ಇಟ್ಟೆ. ನಂಬದೆ ಅಡ್ಡಲಾಗಿ ಇನ್ನೊಂದು ಸಲ ಇಟ್ಟೆ. ಇಪ್ಪತ್ತೆರಡು. ಸ್ಕೇಲಿನ ಮೇಲೆ ಉಗುರಿಟ್ಟು ಕಿಟಕಿಗೆ ಹಿಡಿದು ತೋರಿಸಿದೆ. ಒಬ್ಬರೂ ಕೂಗಲಿಲ್ಲ. ಖುಷಿಯಲ್ಲಿ ಬಾಯಿ ತೆರೆದರೆ ಯಾವ ಹೆಸರು ಹೊರಬಿದ್ದೀತೋ ಎಂಬ ಹೆದರಿಕೆ ಎಲ್ಲರಿಗೂ ಇತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಹದಿನೈದು ಹೆಂಗಸರು ನಿಂತಲ್ಲೇ ಕುಣಿದರು. ರವೂಫ್ ಸಾಬರು ಮೊದಲ ಗುಳಿಗೆಯನ್ನು ತಾವೇ ಹೋಗಿ ಸಾವಂತ್ರಿಯ ನಾಲಿಗೆಯ ಮೇಲಿಟ್ಟರು.

ಎರಡನೆಯ ದಿನ ನಡುಕ ನಿಂತಿತು. ಮೂರನೆಯ ದಿನ ಜ್ವರ ಇಳಿದು ರೊಟ್ಟಿ ಕೇಳಿದಳು. ಐದನೆಯ ದಿನ ಮೈ ಹಗುರಾಯಿತು, ಇನ್ನು ಗುಳಿಗೆ ಸಾಕು ಎಂದಳು. ನೀಲವ್ವ, ಕಡೆಯ ಪ್ಯಾಸೆಂಜರ್ ಇಳಿಯುವ ತನಕ ಬಸ್ಸು ಡಿಪೋಕ್ಕೆ ಹೋಗುವುದಿಲ್ಲ ಎಂದು ಏಳೂ ದಿನ ಎದುರಿಗೆ ಕೂತು ನುಂಗಿಸಿದಳು. ನೀಲವ್ವನೂ ಈಗ ನೀರು ಕುಡಿಯುತ್ತಾಳೆ. ಎಂಟನೆಯ ಸ್ಟಾಪಿನ ಎದುರು ಹೆಂಗಸರಿಗೆಂದು ಒಂದು ಶೌಚಾಲಯ ಎದ್ದಿದೆ. ಅದು ಆಗುವವರೆಗೆ ಅವಳು ಪ್ರತಿ ಟ್ರಿಪ್ಪಿನಲ್ಲೂ ಬಸ್ಸನ್ನು ಪುರಸಭೆಯ ಅಧ್ಯಕ್ಷರ ಮನೆಯ ಮುಂದೆ ಹತ್ತು ನಿಮಿಷ ನಿಲ್ಲಿಸಿ ಅವರ ಕಕ್ಕಸಿಗೆ ಹೋಗಿ ಬರುತ್ತಿದ್ದಳು. ಅಧ್ಯಕ್ಷರು ಹದಿನಾರು ದಿನ ತಡೆದುಕೊಂಡರು.

ಕೂಸಿಗೆ ಬೇರೆ ಹೆಸರಿಡುವ ಮಾತು ಬಂತು. ಡಾಕ್ಟರು ಜನನ ಪತ್ರ ತುಂಬಬೇಕಿತ್ತು. ಸೋದರತ್ತೆಯನ್ನು ಕೇಳಿದರೆ ಅವಳು ತನ್ನ ಹಕ್ಕನ್ನು ಒಂದು ಸಲ ಬಳಸಿ ಆಗಿದೆ, ಇನ್ನು ಬೇಡವೆಂದು ಕಿವಿ ಮುಟ್ಟಿಕೊಂಡಳು. ಸಾವಂತ್ರಿ ನನ್ನನ್ನು ಕೇಳಿದಳು, ಹೆಸರು ವಾಪಸು ಬೇಕೇ ಎಂದು. ನಾನು ಯೋಚಿಸಿ ನೋಡಿದೆ. ಅಷ್ಟು ದಿನ ಅಷ್ಟು ಬಾಯಿಗಳಲ್ಲಿ ಓಡಾಡಿದರೂ ಆ ಹೆಸರಿನ ಬಲ ಕಡಿಮೆಯಾಗಿರಲಿಲ್ಲ. ಅದರೊಳಗಿದ್ದ ಮುಳ್ಳು ಮಾತ್ರ ಎಲ್ಲೋ ಸವೆದಿತ್ತು. ಇಬ್ಬರೂ ಬಳಸೋಣ ಎಂದೆ. ಪತ್ರದಲ್ಲಿ ಹಾಗೇ ಇದೆ: ವಿಶ್ವಂಭರ, ಹೆಣ್ಣು.

ಗುಳಿಗೆ ಮುಗಿದು ಹತ್ತು ದಿನಕ್ಕೆ ಸಾವಂತ್ರಿ ಕೊನೆಯ ಪರೀಕ್ಷೆಗೆ ಬಂದಳು. ಆ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಖಾಲಿ ತಟ್ಟೆಯನ್ನು ಊರಿನ ಹೆಂಗಸರು ಕೈಯಿಂದ ಕೈಗೆ ದಾಟಿಸಿ ನೋಡಿದರು, ಅದರಲ್ಲಿ ನೋಡುವಂಥದು ಏನೂ ಇಲ್ಲವೆಂದೇ ನೋಡಿದರು. ಆದರೆ ಅದು ಮರುದಿನದ ಮಾತು. ಅವತ್ತು ಅವಳು ಬಾಟಲಿ ತೆಗೆದುಕೊಂಡು ಒಳಗೆ ಹೋಗುವಾಗ ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ತಿಂಗಳ ಹಿಂದೆ ಅದೇ ಬಾಗಿಲ ಹಿಂದಿನಿಂದ ಅವಳು ನರಳುವುದು ಹೊರಗಿನ ಬೆಂಚಿನವರೆಗೆ ಕೇಳಿಸುತ್ತಿತ್ತು. ಈಗ ಗುನುಗುವುದು ಕೇಳಿಸಿತು. ವಿಶ್ವಂಭರ ನನ್ನ ಮುಖವನ್ನು ಸುಮ್ಮನೆ ನೋಡಿದಳು, ಹುಬ್ಬು ಗಂಟಿಕ್ಕಿದಳು, ಬಹಳ ಮುಖ್ಯವಾದದ್ದನ್ನು ಯೋಚಿಸುವವಳಂತೆ ಒಂದು ಕ್ಷಣ ತಡೆದಳು. ಆಮೇಲೆ ನನ್ನ ಬಿಳಿ ಕೋಟು, ಸೀರೆ, ತೊಡೆ ಎಲ್ಲ ತೋಯುವಂತೆ ಧಾರಾಳವಾಗಿ ಹೊಯ್ದಳು. ಬೆಚ್ಚಗಿತ್ತು. ನಾನು ಏಳಲಿಲ್ಲ.